ಸಾಗವಾನಿ ಎಲೆಯ ಆರು ಪೊಟ್ಟಣ

ಮಣ್ಣಿನ ವಿಷಯ ಯಾರಾದರೂ ಎತ್ತಿದರೆ ನಾನು ಇಂದಿಗೂ ಮಾತು ತಪ್ಪಿಸುತ್ತೇನೆ. ಅರಣ್ಯಶಾಸ್ತ್ರ ಓದಿದವನು, ಅದನ್ನೇ ಪಾಠ ಹೇಳಿ ಅನ್ನ ತಿನ್ನುವವನು ಹೀಗೆ ಮಾಡಬಾರದು. ಆದರೂ ಮಾಡುತ್ತೇನೆ, ನಾಚಿಕೆಯಿಂದ.

ತೊಂಬತ್ತರ ದಶಕದ ಕೊನೆ. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆಂದು ಮುಂಡಗೋಡ ತಾಲೂಕಿನ ಸನವಳ್ಳಿ ಕಡೆಯ ಕಾಡಿಗೆ ಹೋಗಿದ್ದೆ. ದೊಡ್ಡ ಮರಗಳ ಕೆಳಗೆ ಏನೇನು ಬೆಳೆಯುತ್ತದೆ, ಗುಡ್ಡದ ಬುಡದಿಂದ ನೆತ್ತಿಗೆ ಹೋದಂತೆ ಗಿಡವೂ ಮಣ್ಣೂ ಹೇಗೆ ಬದಲಾಗುತ್ತವೆ ಎಂಬುದು ವಿಷಯ. ಗೂಟ ನೆಟ್ಟು, ಹಗ್ಗ ಕಟ್ಟಿ ಚೌಕ ಮಾಡಬೇಕು, ಒಳಗಿನ ಸಸಿ ಎಣಿಸಬೇಕು, ಆಮೇಲೆ ಮೊಳದಾಳ ಅಗೆದು ಮಣ್ಣು ಚೀಲಕ್ಕೆ ತುಂಬಬೇಕು.

ಜೊತೆಗೆ ಬರುತ್ತಿದ್ದವರು ಅಲ್ಲಿಯೇ ಭತ್ತ ಬೆಳೆಯುತ್ತಿದ್ದ ಒಬ್ಬ ರೈತರು. ನಾನು ಕಾಕಾ ಅನ್ನುತ್ತಿದ್ದೆ. ಪುಸ್ತಕದಲ್ಲಿ ಬರೆಯುವವರೆಲ್ಲ ಅವರಿಗೆ ಮಾಸ್ತರರು, ಹಾಗಾಗಿ ನಾನೂ ಮಾಸ್ತರ. ಎಲೆ ಉಜ್ಜಿ ಮೂಸಿ ಗಿಡದ ಹೆಸರು ಹೇಳುತ್ತಿದ್ದರು. ನಾನು ಮಣ್ಣು ತೆಗೆದ ಗುಂಡಿಯನ್ನು ಎಂದೂ ಹಾಗೇ ಬಿಟ್ಟವರಲ್ಲ. ಮುಚ್ಚಿ, ಮೇಲೆ ತರಗೆಲೆ ಎಳೆದು, ಅಂಗೈಯಿಂದ ತಟ್ಟಿಯೇ ಏಳುವರು. ಹೊತ್ತು ಹೋಗುತ್ತದೆಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

ಕೊನೆಯ ದಿನ ಆರು ಚೌಕಗಳ ಮಣ್ಣು ಬಾಕಿ ಇತ್ತು, ಎಲ್ಲವೂ ಏರಿನ ಮೇಲೆ. ಕಾಕಾ ರೊಟ್ಟಿ ತರಲು ಮನೆಗೆ ಹೋಗಿದ್ದರು. ಏರು ನೋಡಿದೆ, ನನ್ನ ಕಾಲು ನೋಡಿಕೊಂಡೆ. ಜ್ವರವಿರಲಿಲ್ಲ, ಮಳೆಯಿರಲಿಲ್ಲ, ಬರೀ ಮೈಗಳ್ಳತನ. ಬುಡದಲ್ಲೇ ಒಂದು ಗುಂಡಿ ತೋಡಿ, ಆ ಒಂದೇ ಮಣ್ಣನ್ನು ಆರು ಚೀಲಕ್ಕೆ ಹಂಚಿ, ಆರು ಚೀಟಿ ಬರೆದು ಕಟ್ಟಿದೆ. ಕಾಕಾ ಬಂದಾಗ ಎಲ್ಲ ಮುಗಿಯಿತು ಅಂದೆ. ಅವರು ಮೆಚ್ಚಿಕೊಂಡು, ಗುಂಡಿ ಮುಚ್ಚಿ ಬರುತ್ತೇನೆಂದು ಗುಡ್ಡ ಹತ್ತಿದರು. ಬೇಡವೆಂದರೂ ಕೇಳಲಿಲ್ಲ. ಮುಚ್ಚಲು ಮೇಲೆ ಗುಂಡಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ನಿಂತಿದ್ದಾಗ ಬಂದರು. ಕಳ್ಳನ ಜೀವ ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವರ ಮುಖ ನೋಡದೆ ಚೀಲದ ಬಾಯಿ ಬಿಗಿಯುತ್ತ ನಿಂತೆ. ಅವರು ಟವೆಲ್ಲು ಬಿಚ್ಚಿ ಸಾಗವಾನಿ ಎಲೆಯ ಆರು ಪೊಟ್ಟಣ ಮುಂದಿಟ್ಟರು. ಬರೆಯಲು ಬಾರದ್ದರಿಂದ ಪ್ರತಿಯೊಂದಕ್ಕೂ ಆಯಾ ಚೌಕದ ಗಿಡದ ಕುಡಿ ಸಿಕ್ಕಿಸಿದ್ದರು: ಒಂದಕ್ಕೆ ಮತ್ತಿ, ಒಂದಕ್ಕೆ ನೆಲ್ಲಿ, ಇನ್ನೊಂದಕ್ಕೆ ಕವಳಿ.

“ನಿನ್ನಿ ನಿಮಗ ಮೈಯಾಗ ಆರಾಮ ಇರಲಿಲ್ಲ ಕಾಣ್ತೈತ್ರಿ ಮಾಸ್ತರ. ನೀವು ತಗದಂಗನ ಮೊಳದಾಳ ತಗದೇನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಣ್ಣು ಬಳಸಿದ್ದರೆ ಎಲ್ಲ ಸರಿಹೋಗುತ್ತಿತ್ತು, ಚೀಲ ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ನಾನು ಮೋಸ ಮಾಡಿದ್ದು ನಿಜವೆಂದು ನನಗೆ ನಾನೇ ಒಪ್ಪಿಕೊಂಡಂತೆ. ಆ ವಯಸ್ಸಿನ ಸೊಕ್ಕು. ಮುಂಡಗೋಡದ ಬಸ್ ನಿಲ್ದಾಣದ ಹಿಂದೆ ಆರೂ ಪೊಟ್ಟಣ ಬಿಚ್ಚಿ ಚರಂಡಿಗೆ ಸುರಿದೆ. ನೆತ್ತಿಯ ಮಣ್ಣು ಕುಂಕುಮದಷ್ಟು ಕೆಂಪಗಿತ್ತು.

ಪ್ರಬಂಧ ಪಾಸಾಯಿತು. ಗುಡ್ಡದ ಮೇಲಿನ ಮಣ್ಣಿಗೂ ಕೆಳಗಿನದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಬರೆದಿದ್ದೆ. ರಟ್ಟು ಕಟ್ಟಿಸಿದ ಒಂದು ಪ್ರತಿಯನ್ನು ಕಾಕಾಗೆ ಕೊಡಲು ಹೋದೆ. ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿತ್ತು. ಅವರು ಹೆಸರನ್ನು ಕೇಳಲಿಲ್ಲ. ಕೈ ತೊಳೆದು ಬಂದು ಕೂತು, ತಾವು ತಂದ ಮಣ್ಣು ಇದರಲ್ಲಿ ಎಲ್ಲಿದೆ ತೋರಿಸಿ ಅಂದರು. ನಾನು ಕೋಷ್ಟಕದ ಪುಟ ತೆಗೆದೆ. ಆರು ಸಾಲು, ಹೆಚ್ಚುಕಡಿಮೆ ಅವೇ ಅಂಕಿಗಳು. ಅಕ್ಷರ ಬಾರದಿದ್ದರೂ ಅಂಕಿ ಬಲ್ಲ ಅವರು ಬೆರಳಿಟ್ಟು ಒಂದೊಂದೇ ಸಾಲು ಇಳಿದರು.

“ಎಲ್ಲಾ ಒಂದ ನಮೂನಿ ಅದಾವಲ್ರಿ,” ಅಂದರು. ಬೆರಳನ್ನು ಮತ್ತೆ ಮೊದಲ ಸಾಲಿಗೆ ತಂದು, “ನಾನ ತಪ್ಪ ಜಾಗಾದಾಗ ಅಗದೇನೇನೋ,” ಅಂದರು.

ಇಲ್ಲ ಕಾಕಾ ಅನ್ನಬೇಕಿತ್ತು. ಇರಬಹುದು ಅಂದೆ.