ಇಂಜಿನ್ ಇಲ್ಲದ ಗಾಡಿಯ ಒವನ್

ಟ್ರುಗನಿನಾ ಊರಿನ ಚಂದ್ರಶೇಖರನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮಾತು. ಆ ಶನಿವಾರ ಎರಡೂ ಒಟ್ಟಿಗೇ ಕೆಂಪಾಗಿದ್ದವು. ಡ್ರೈವ್‌ವೇಯಲ್ಲಿ ನಿಂತಿದ್ದ, ಕಾರಿಗೆ ಕಟ್ಟಿ ಎಳೆಯುವ ಗಾಲಿಮನೆಯಂಥ ಓಬೀರಾಯನ ಕಾಲದ ಕ್ಯಾರವಾನಿನೊಳಗೆ ಮಂಡಿಯೂರಿ, ಗ್ಯಾಸ್ ಒವನ್ನಿನ ಗುಂಡಿ ಒತ್ತಿ ಹಿಡಿದು ಕಡ್ಡಿ ಗೀರುತ್ತಿದ್ದ. ಉರಿ ಭಗ್ಗೆನ್ನುತ್ತಿತ್ತು. ಗುಂಡಿಯಿಂದ ಬೆರಳು ತೆಗೆದರೆ ಸಾಕು, ಪುಸ್ಸೆಂದು ಆರುತ್ತಿತ್ತು.

ಗಾಡಿ ಕೊಟ್ಟವನು ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಲೆಸ್ಟರ್. ಕಾಯಂ ವಾಸದ ಪಿಆರ್ ಬರುವ ಮುಂಚೆ ಇಬ್ಬರೂ ಒಂದೇ ರೂಮಿನಲ್ಲಿ, ಒಂದೇ ಕುಕ್ಕರಿನಲ್ಲಿ ಬದುಕಿದವರು. "ಲೀಶಾ ಇದರಲ್ಲೇ ಕ್ರಿಸ್ಮಸ್ ಕೇಕ್ ಮಾಡಿದ್ದಾಳೆ ಮಾರಾಯಾ" ಎಂದು ಹೆಂಡತಿಯ ಸಾಕ್ಷಿ ಹೇಳಿಯೇ ಕೊಟ್ಟಿದ್ದ.

ಚಂದ್ರು ಸಿಲಿಂಡರ್ ಬದಲಿಸಿದ. ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದ. ಬರ್ನರಿನ ತೂತುಗಳನ್ನು ಉಜ್ಜಿದ. ಕೊನೆಗೆ ಉಜ್ಜಲು ಉಳಿದದ್ದು ಲೆಸ್ಟರ್ ಒಬ್ಬನೇ. ಹಳೇ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ, "ಲೆಸ್ಟರ್ ಕೊಟ್ಟಿದ್ದು ಕೆಟ್ಟ ಒವನ್, ಬಿಟ್ಟಿದ್ದು ಬರೀ ಗ್ಯಾಸ್" ಎಂದು ಬರೆದುಬಿಟ್ಟ.

"ಇಷ್ಟು ವರ್ಷದ ಸ್ನೇಹ ಕಣ್ರೀ, ಒಂದು ಒವನ್ನಿಗೋಸ್ಕರ ಸುಟ್ಟುಹಾಕ್ತೀರಾ?" ಎಂದಳು ಹೆಂಡತಿ ವಸಂತಾ.

"ಒವನ್ ಅಂತೂ ಏನೂ ಸುಡ್ತಿಲ್ಲ, ಇದಾದ್ರೂ ಸುಡಲಿ!"

ಅಷ್ಟರಲ್ಲಿ ಲೆಸ್ಟರನ ವಿಡಿಯೋ ಕಾಲ್ ಬಂತು. ಅವನ ಮುಖವೂ ಕೆಂಡ.

"ಎಲ್ಲರ ಎದುರು ನಾನು ಮೋಸಗಾರನಾ? ಫೋನ್ ಒವನ್ ಒಳಗೆ ಹಿಡಿ. ತಪ್ಪು ನಂದಾದ್ರೆ ಗಾಡಿ ವಾಪಸ್ ತಗೊಳ್ತೇನೆ. ನಿಂದಾದ್ರೆ ಅದನ್ನೂ ಗ್ರೂಪಲ್ಲೇ ಬರಿ. ಇಲ್ಲದಿದ್ರೆ ನನ್ನ ನಂಬರ್ ಡಿಲೀಟ್ ಮಾಡು!"

ಚಂದ್ರು ಫೋನನ್ನು ಒಳಗೆ ತುರುಕಿದ.

"ಬರ್ನರ್ ಪಕ್ಕ ಸಣ್ಣ ಲೋಹದ ಕಡ್ಡಿ ಉಂಟಲ್ಲ, ಅದಕ್ಕೆ ಬಿಸಿ ತಾಗಿದ್ರೆ ಮಾತ್ರ ಗುಂಡಿ ಬಿಟ್ಟ ಮೇಲೂ ಗ್ಯಾಸ್ ಬರ್ತದೆ. ಅದು ತೋರಿಸು... ಎಂತ ಅದು ಹಳದಿ?"

ಚಂದ್ರು ಅಂಗೈಯಿಂದ ಕ್ಯಾಮೆರಾ ಮುಚ್ಚಿದ. ಉತ್ತರ ಹಿಂದಿನಿಂದ ಬಂತು.

"ಗಂಧ, ಅರಿಶಿನ, ಮೇಲೆ ಕುಂಕುಮ," ಎಂದಳು ವಸಂತಾ. "ಗಾಡಿ ಬಂದ ದಿನ ಪೂಜೆ ಮಾಡಿದ್ರು. ಎಲ್ಲರೂ ಬಾನೆಟ್ ಎತ್ತಿ ಇಂಜಿನ್ನಿಗೆ ಇಡ್ತಾರೆ. ಇದಕ್ಕೆ ಇಂಜಿನ್ನೇ ಇಲ್ಲ. ಬೆಂಕಿ ಇರೋ ಜಾಗಾನೇ ಇಂಜಿನ್ನು ಅಂತ ಒವನ್ನಿಗೆ ಮೆತ್ತಿದ್ರು. ಲೆಸ್ಟರ್ ನಿಮಗೆ ನಾಮ ಹಾಕಿಲ್ಲಾರೀ, ನೀವೇ ಒವನ್ನಿಗೆ ಹಾಕಿದ್ದು!"

ಚಂದ್ರು ಗ್ಯಾಸ್ ಬಂದ್ ಮಾಡಿ, ಹಲ್ಲು ಕಡಿಯುತ್ತ ಕಡ್ಡಿ ಒರೆಸಿದ. ಒಣಗಿದ ಗಂಧ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಮತ್ತೆ ಹಚ್ಚಿ, ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬಿಟ್ಟ. ಈ ಸಲ ಉರಿ ಆರಲಿಲ್ಲ. ಅವನ ಸಿಟ್ಟೂ ಆರಲಿಲ್ಲ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?" ಎಂದು ಫೋನಿಗೆ ರೇಗಿದ.

"ಕಡ್ಡಿಗೆ ಬೊಟ್ಟು ಇಡ್ಬೇಡ ಅಂತ ಯಾರಾದ್ರೂ ಹೇಳ್ತಾರಾ ಮಾರಾಯಾ? ಗ್ರೂಪಲ್ಲಿ ಬರಿ ಈಗ."

ಚಂದ್ರು 'ಒವನ್ ಸರಿಹೋಯಿತು' ಎಂದು ಬರೆದ.

"ಅದು ಕೆಟ್ಟಿರ್ಲೇ ಇಲ್ಲ," ಎಂದ ಲೆಸ್ಟರ್.

ಚಂದ್ರು ಪರದೆಯನ್ನು ಕುಟ್ಟಿ ಕುಟ್ಟಿ ಮತ್ತೆ ಬರೆದ: 'ಲೆಸ್ಟರನ ತಪ್ಪಿಲ್ಲ. ಗಂಧ ಮೆತ್ತಿ ಕೆಡಿಸಿದವನು ನಾನೇ.' ಗ್ರೂಪಿನ ತುಂಬ ನಗು. ಲೆಸ್ಟರ್ ನಗಲಿಲ್ಲ.

"ಈಸ್ಟರಿಗೆ ಆ ಗಾಡಿ ಎಳ್ಕೊಂಡು ಸಿಡ್ನಿಗೆ ಬಾ. ಕೇಕ್ ಅದರಲ್ಲೇ, ನೀನೇ ಮಾಡ್ಬೇಕು. ಅಲ್ಲಿವರೆಗೆ ನಂಗೆ ಸಿಟ್ಟುಂಟು." ಕಾಲ್ ಕಟ್ಟಾಯಿತು.

"ನನಗೂ ಇದೆ!" ಎಂದು ಕಪ್ಪು ಪರದೆಗೆ ಕೂಗಿದ ಚಂದ್ರು, ವಸಂತಾಳತ್ತ ತಿರುಗಿ ಗದರಿದ:

"ಮೈದಾ ಎಲ್ಲಿದೆ?"