ಎರಡು ಗಾಜಿನ ನಡುವಿನ ಮಂಜು

ದೇವರಿಗೆ ಕೈ ಮುಗಿಯುವುದನ್ನು ಮರೆತರೂ ನಮ್ಮ ಎದುರುಮನೆಯ ಯಜಮಾನರು ಬೆಳಿಗ್ಗೆ ಕಿಟಕಿ ಒರೆಸುವುದನ್ನು ಮರೆಯುವುದಿಲ್ಲ. ಅದು ಜೋಡಿ ಗಾಜಿನ ಕಿಟಕಿ, ಮಂಜು ಕೂತಿರುವುದು ಎರಡು ಗಾಜುಗಳ ನಡುವೆ. ಇವರು ಒಳಗಿನಿಂದ ಒರೆಸುತ್ತಾರೆ, ಹೊರಗೆ ಬಂದು ಒರೆಸುತ್ತಾರೆ, ಆಮೇಲೆ ಮಂಜಿಗೇ ಬುದ್ಧಿಯಿಲ್ಲವೆಂದು ಬೈಯುತ್ತಾರೆ. “ಎರಡು ನಿಮಿಷದ ಕೆಲಸ ಕಣಮ್ಮ” ಎನ್ನುವುದು ಅವರ ಮಂತ್ರ. ಆ ಎರಡು ನಿಮಿಷದಲ್ಲೇ ಹಿಡಿಕೆ ಬಿಗಿ ಮಾಡಲು ಹೋಗಿ ಕಿತ್ತು ಕೈಗೆ ತಂದುಕೊಂಡಿದ್ದಾರೆ. ಗಾಳಿ ನುಗ್ಗುವ ಸಂದಿಗೆ ಹಳೇ ಕಾಲುಚೀಲ ತುರುಕಿ, ಊರನ್ನೇ ಪ್ರವಾಹದಿಂದ ಉಳಿಸಿದವರಂತೆ ಎದೆಯುಬ್ಬಿಸಿದ್ದಾರೆ. ಹೇರ್ ಡ್ರೈಯರ್ ಹಿಡಿದು ಗಾಜನ್ನು ಒಣಗಿಸಲು ಹೋಗಿ ತಾವೇ ಬೆವರಿ ಒದ್ದೆಯಾಗಿದ್ದಾರೆ. ಕಿಟಕಿಯ ಪಕ್ಕದ ಮಂಚದಲ್ಲಿ, ಎದ್ದು ಓಡಾಡಲಾಗದ ಅವರ ಹೆಂಡತಿ ಮಲಗಿರುತ್ತಾರೆ. ಆಕೆಯ ಪಾಲಿಗೆ ಬೀದಿಯೆಂದರೆ ಆ ಕಿಟಕಿಯೇ. ಅದಕ್ಕೇ ಮೊನ್ನೆ ತಡೆಯಲಾರದೆ ಹೇಳಿದೆ: “ಅಣ್ಣಾ, ಮಂಜು ಇರೋದು ಗಾಜಿನ ಒಳಗಡೆ, ಒರೆಸಿದ್ರೆ ಹೋಗಲ್ಲ. ನನ್ನ ತಮ್ಮ ಗಾಜಿನ ಕೆಲಸದವನು, ನಾಳೆನೇ ಬಂದು ಹೊಸದು ಕೂರಿಸ್ತಾನೆ.” ಅವರು ಮಂಚದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಮೊದಲನೇ ದಿನಾನೇ ಗೊತ್ತಾಯ್ತಮ್ಮ. ಬೀದಿ ಕಾಣ್ತಿದ್ದಾಗ ಓಡಾಡೋರನ್ನ ನೋಡಿ ನೋಡಿ ಅಳ್ತಿದ್ದಳು. ಈಗ ನನ್ನ ಪೆದ್ದುತನ ನೋಡಿ ನಗ್ತಾಳೆ. ನಿನ್ನ ತಮ್ಮನ್ನ ಕರೀಬೇಡ ತಾಯಿ.”