ಅಕ್ಕೋರ ಜಗಲಿ ಮತ್ತು ಗ್ರಹಣದ ಕೇಕು

ಸಿಟ್ಟು ಬಂದಾಗ ಅಕ್ಕೋರ ಮೂಗಿನ ತುದಿಯಲ್ಲಿ ಮೊದಲು ಬೆವರು ಮೂಡುತ್ತಿತ್ತು, ಮಾತು ಬರುತ್ತಿದ್ದದ್ದು ಆಮೇಲೆ. ಸಾಸಿವೆಯಷ್ಟು ಸಣ್ಣ ಹನಿಗಳು. ಜಗಲಿಯಲ್ಲಿ ಕೂತ ಮಕ್ಕಳು ಪುಸ್ತಕದಿಂದ ತಲೆಯೆತ್ತಿ ಅದನ್ನೇ ನೋಡುತ್ತಿದ್ದರು. ಹನಿ ಕಂಡರೆ ಮಗ್ಗಿಯ ದನಿ ಒಮ್ಮೆಲೇ ಏರುತ್ತಿತ್ತು. ಬೆವರುತ್ತಿದ್ದದ್ದು ಮೂಗಲ್ಲ, ಮೇಲ್ದುಟಿ ಎಂದು ನನ್ನ ಮಗಳು ವಾದಿಸುತ್ತಾಳೆ. ಇರಬಹುದು. ಅವಳು ಅವರನ್ನು ಕೆಳಗಿನಿಂದ ನೋಡಿದವಳು, ನಾನು ಎದುರಿನಿಂದ. ದಿನಾ ಬರೆದಿಡುವ ಚಟವಿದ್ದರೂ ಇಂಥದ್ದನ್ನು ನಾನು ಬರೆದಿಟ್ಟಿಲ್ಲ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಒಂದಿಷ್ಟು ನನ್ನ ಕೈವಾಡವೂ ಸೇರಿರಬಹುದು. ಸಿಟ್ಟು ಮಾತ್ರ ಖಂಡಿತ ಇತ್ತು. ಈಗ ಅದು ನನ್ನ ಹತ್ತಿರ ಇದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ನಿವೃತ್ತರಾದ ಮೇಲೂ ಅಕ್ಕೋರಾಗಿಯೇ ಉಳಿದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದರು. ಕರ್ಕಿಯಲ್ಲಿ ತಮ್ಮದೇ ಸಂಬಳದಲ್ಲಿ ಟೆರೇಸಿನ ಮನೆ ಕಟ್ಟಿಸಿಕೊಂಡಿದ್ದರು. ನಾನು ಹೊನ್ನಾವರದ ಕಚೇರಿಗೆ ಕೆಲಸಕ್ಕೆ ಹೋಗುವವಳು, ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಸಂಜೆಯಾದರೆ ಕೇರಿಯ ಮಕ್ಕಳೆಲ್ಲ ಅವರ ಜಗಲಿಯಲ್ಲಿ. ಟ್ಯೂಶನ್ ಎನ್ನುವ ಶಬ್ದ ಅವರಿಗೆ ಸೇರುತ್ತಿರಲಿಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಈ ಗಲಾಟೆ ಕೇಳದಿದ್ರೆ ನಂಗೆ ರಾತ್ರಿ ಅನ್ನ ಇಳಿಯೂದಿಲ್ಲ" ಎನ್ನುವುದಷ್ಟೇ ಕಾರಣ. ಮಕ್ಕಳಿಗೆ ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದೇ: "ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಹೇಳು. ಹೆದ್ರಿ ತಲೆ ಆಡಿಸ್ಬೇಡ."

ಆ ವರ್ಷ ಮಗಳಿಗೆ ಏಳು ತುಂಬುವುದಿತ್ತು. ಅವಳಿಗೆ ಆಕಾಶದ ಹುಚ್ಚು ಹಿಡಿದಿತ್ತು. ಹುಟ್ಟಿದ ಹಬ್ಬವೂ ಆಕಾಶದ್ದೇ ಆಗಬೇಕೆಂದು ಹಟ. ನಾನೂ ಹುರುಪಿನಿಂದ ಕೂತೆ. ರಾಕೆಟ್ಟಿಗೆ ಬೇಕಾದ ಥರ್ಮೋಕೋಲನ್ನು, ದೋಣಿ ಇರುವ ಮನೆಯ ಹುಡುಗನೊಬ್ಬನ ಅಪ್ಪ ಹೊನ್ನಾವರದಾಚೆಯ ಕಾಸರಕೋಡಿನ ಬಂದರಿನಿಂದ ಕಳಿಸಿಕೊಟ್ಟರು. ಮೀನು ತುಂಬಿ ಕಳಿಸುವ ಪೆಟ್ಟಿಗೆಗಳು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. "ಚಂದ್ರನಲ್ಲಿಗೆ ಹೋಪ ಮೊದಲು ಬಂಗಡೆ ಇಳಿಸಿ ಹೋಗೂದಾ ಹೇಗೆ?" ಎಂದು ಅಕ್ಕೋರು ಮೂಗು ಮುಚ್ಚಿಕೊಂಡೇ ಅದಕ್ಕೆ ಹೊಳೆಯುವ ಬೇಗಡೆ ಕಾಗದ ಹಚ್ಚಿದರು. ಬಲೂನಿನ ಮೇಲೆ ಪೇಪರು ಅಂಟಿಸಿ ಒಣಗಿಸಿದ ಶಿರಸ್ತ್ರಾಣಗಳು ಅವರ ಜಗಲಿಯ ತುಂಬ ಸಾಲಾಗಿ ಕೂತವು. ಗ್ರಹಗಳು ಅಂತ ಹೇಳಿ ಸಿಹಿ ಸುಕ್ಕಿನುಂಡೆ ಕರಿದುಕೊಡುವುದಾಗಿಯೂ ಒಪ್ಪಿದರು.

ದೀಪಾವಳಿಯ ರಜೆ, ಎಲ್ಲ ಮಕ್ಕಳೂ ಊರಲ್ಲಿರುತ್ತಾರೆ ಎಂದು ನಾನು ಎಣಿಸಿದ್ದೆ. ಇಷ್ಟೆಲ್ಲ ಆಕಾಶ ಕಟ್ಟಿದವಳು ಗೋಡೆಯ ಕ್ಯಾಲೆಂಡರನ್ನು ಮಾತ್ರ ನೋಡಿರಲಿಲ್ಲ. ಆ ವರ್ಷ ಹಬ್ಬದ ನಡುವೆಯೇ ಸೂರ್ಯಗ್ರಹಣ. ಅದೂ ಸರಿಯಾಗಿ ಮಗಳ ಹುಟ್ಟಿದ ದಿನದ ಸಂಜೆ, ಸೂರ್ಯ ಕಡಲಿಗಿಳಿಯುವ ಹೊತ್ತಿಗೆ.

ಯಾರದೋ ಮನೆಯ ಅಜ್ಜಿ ಅದನ್ನು ಕಂಡುಹಿಡಿದರು. ನನ್ನ ಫೋನಿಗೆ ಒಂದರ ಹಿಂದೊಂದು ಸಂದೇಶ ಬರತೊಡಗಿತು. ಗ್ರಹಣ ಹಿಡಿದಾಗ ಹೊರಗೆ ಬಿಡುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ. ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ; ಅವರು ನಂಬಿದ್ದನ್ನು ನಂಬಿದರು. ನನಗೆ ಉರಿದದ್ದು ಬ್ಯಾಂಕಿನಲ್ಲಿ ಕೆಲಸಕ್ಕಿರುವ ಒಬ್ಬ ತಾಯಿಯ ಮಾತಿಗೆ: "ನಾವೆಂತ ಇದನ್ನ ನಂಬೂದಿಲ್ಲ. ಆದ್ರೆ ಮನೇಲಿ ಅತ್ತೆ ಇದ್ರಲ್ಲ." ಒಬ್ಬ ಇಂಜಿನಿಯರ್ ತಂದೆ, ಥೀಮ್ ಬಹಳ ಚೆನ್ನಾಗಿದೆ, ಮುಂದಿನ ವಾರ ಇಟ್ಟುಕೊಳ್ಳಿ ಎಂದು ಬರೆದರು. ಧಾರವಾಡದಲ್ಲಿ ಎರಡು ವರ್ಷ ಸಮಾಜಶಾಸ್ತ್ರ ಓದಿ, ನಂಬಿಕೆ ಮತ್ತು ಆಚರಣೆ ಎಂದು ಪುಟಗಟ್ಟಲೆ ಬರೆದಿದ್ದೆ. ನಂಬದೆ ಆಚರಿಸುವವರ ಬಗ್ಗೆ ಯಾವ ಪುಟದಲ್ಲಿ ಏನಿತ್ತೆಂದು ನೆನಪಾಗಲಿಲ್ಲ. ಬಾಗಿಲಿಗೆ ಅಂಟಿಸಿದ್ದ ಶನಿಗ್ರಹದ ಚಿತ್ರವನ್ನು ಕಿತ್ತುಕೊಂಡೇ ಪಕ್ಕದ ಮನೆಗೆ ಹೋದೆ.

"ಬೇಡ ಅಕ್ಕೋರೆ, ರದ್ದು ಮಾಡ್ತೆ."

"ಎಂತಕ್ಕೆ?"

"ಗ್ರಹಣ ಅಂತೆ. ಯಾರೂ ಕಳ್ಸೂದಿಲ್ಲ ಅಂತ್ರು."

ಮೂಗಿನ ತುದಿ ಒದ್ದೆಯಾಯಿತು. "ಆಕಾಶದ ಹಬ್ಬ ಮಾಡೂದು, ಆಕಾಶ ಬಂದ್ರೆ ಬಾಗ್ಲು ಹಾಕೂದು! ಮದುವೆ ಮನೇಲಿ ಮದುಮಗ ಬಂದ ಹೇಳಿ ಚಪ್ಪರ ಬಿಚ್ಚಿದಂಗಾತು. ನಮ್ಮ ಟೆರೇಸಲ್ಲೇ ಮಾಡು ತಂಗಿ. ಮಕ್ಕಳನ್ನ ನಾ ಕರೀತೆ."

ಕರೆದರು. ಕೊಡೆ ಊರಿಕೊಂಡು ಮನೆ ಮನೆಗೆ ಹೋದರು. ತಾವೇ ಅಕ್ಷರ ಕಲಿಸಿದ್ದ ತಂದೆತಾಯಿಯರ ಎದುರು ನಿಂತು, ಮಕ್ಕಳು ಬಿಸಿಲಿಗೆ ಕಣ್ಣು ಕೊಡದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ತಮ್ಮದು ಎಂದರು. ಎಲ್ಲರೂ ಒಪ್ಪಲಿಲ್ಲ. ಆದರೂ ಜಗಲಿಯ ಅರ್ಧದಷ್ಟು ಮಕ್ಕಳು ಬಂದರು. ನಾನು ಕರೆದರೆ ಬಾರದವರು ಅವರು ಕರೆದರೆಂದು ಬಂದರು. ಆಮೇಲೆ ಎಲ್ಲ ತಪ್ಪೂ ಅವರ ತಲೆಗೇ ಬಂದದ್ದು ಇದರಿಂದಲೇ.

ಆ ಸಂಜೆ ಚಂದವಿತ್ತು. ಸಣ್ಣ ತೂತು ಕೊರೆದ ಕಾಗದವನ್ನು ಕನ್ನಡಿಗೆ ಅಂಟಿಸಿ ಟೆರೇಸಿನ ಕಟ್ಟೆಯ ಮೇಲಿಟ್ಟಿದ್ದೆ. ಅದರಿಂದ ಹೊರಟ ಬಿಸಿಲು ಕತ್ತಲೆ ಮಾಡಿದ ಮೇಲಿನ ಕೋಣೆಯ ಗೋಡೆಯ ಮೇಲೆ ದುಂಡಗೆ ಬಿತ್ತು. ಮಕ್ಕಳು ಶಿರಸ್ತ್ರಾಣ ಹಾಕಿಕೊಂಡು, ಮೀನಿನ ವಾಸನೆಯ ರಾಕೆಟ್ಟಿಗೆ ಒತ್ತಿಕೊಂಡು ಕೂತರು. ಸ್ವಲ್ಪ ಹೊತ್ತಿನಲ್ಲಿ ಬೆಳಕಿನ ಬಿಲ್ಲೆಯ ಅಂಚು ಕಚ್ಚಿದಂತಾಯಿತು.

"ಯಾರು ತಿಂದ್ರು ಅಕ್ಕೋರೆ?" ಎಂದು ದೋಣಿಯವರ ಮನೆಯ ಹುಡುಗ ಕೇಳಿದ.

"ಯಾರೂ ತಿನ್ನಲಿಲ್ಲ ತಮಾ. ನೀ ಟಿವಿ ಎದ್ರು ಹೋಗಿ ನಿಂತ್ಕಂತ್ಯಲಾ, ಹಂಗೆ ಚಂದ್ರ ಅಡ್ಡ ನಿಂತಿದ."

ಮಕ್ಕಳೆಲ್ಲ ಗೋಡೆಯ ಕಡೆ ನೋಡಿ, "ಚಂದ್ರ, ಆಚೆ ಸರಿಯೋ" ಎಂದು ಕೂಗತೊಡಗಿದರು.

ಅಷ್ಟರಲ್ಲಿ ಕೇಕು ಕತ್ತರಿಸುವ ಹೊತ್ತಾಯಿತು. ಅಕ್ಕೋರು ಅಂಗಳದಿಂದ ತುಳಸಿ ಎಲೆ ತಂದು ರಾಕೆಟ್ಟಿನ ಆಕಾರದ ಕೇಕಿನ ತುದಿಯ ಮೇಲಿಟ್ಟರು. ನಾನು ಹುಬ್ಬೇರಿಸಿದೆ. "ಅಜ್ಜಿಯರ ಸಮಾಧಾನಕ್ಕೆ ಎಲೆ, ಮಕ್ಕಳ ಸಮಾಧಾನಕ್ಕೆ ಕೇಕು" ಎಂದರು. ಎಲ್ಲ ಮಕ್ಕಳಿಗೂ ತಾವೇ ತುಂಡು ಮಾಡಿ ತಿನ್ನಿಸಿದರು. ನಾನು ಅವರ ಬಾಯಿಗೆ ಒಂದು ತುಂಡು ಒಡ್ಡಿದಾಗ ಮುಖ ತಿರುಗಿಸಿದರು. ಮಧ್ಯಾಹ್ನದಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲವೆಂದು ಆಗ ತಿಳಿಯಿತು.

"ಅಂದ್ರೆ ನೀವೂ ಗ್ರಹಣದ ಉಪವಾಸ ಹಿಡೀತ್ರಾ?" ಎಂದೆ. ನನಗೆ ಮೋಸವಾದಂತಾಗಿತ್ತು.

"ಸಣ್ಣಿರುವಾಗಿಂದ ಹಿಡಿದದ್ದು, ಬಿಡೂಕೆ ಮನಸ್ಸಿಲ್ಲ. ಅದು ನನ್ನ ಹೊಟ್ಟೆ. ಮಕ್ಕಳ ಹೊಟ್ಟೆಗೆ ನಾನೆಂತಕ್ಕೆ ಬೀಗ ಹಾಕೂದು?"

ಅಂದು ಅದು ನನಗೆ ಅರೆಬರೆ ಮಾತಾಗಿ ಕೇಳಿತು. ದಿನಚರಿಯ ಆ ಪುಟದಲ್ಲಿ ಕೇಕು ಚೆನ್ನಾಗಿತ್ತು ಎಂದಷ್ಟೇ ಬರೆದಿದ್ದೇನೆ.

ಹಬ್ಬ ಮುಗಿದ ಮೇಲೆ ಬಂದಿದ್ದ ಮಕ್ಕಳಲ್ಲಿ ಒಬ್ಬ ಹುಡುಗನಿಗೆ ಜ್ವರ ಬಂತು. ಮಳೆಗಾಲ ಮುಗಿದು ಚಳಿ ಇಳಿಯುವ ಆ ದಿನಗಳಲ್ಲಿ ಊರಿನ ಅರ್ಧ ಮಕ್ಕಳಿಗೆ ಜ್ವರ, ಹಬ್ಬಕ್ಕೆ ಬಾರದವರಿಗೂ. ಅವರ ಜ್ವರ ಬರೀ ಜ್ವರ, ಇವನದು ಮಾತ್ರ ಗ್ರಹಣದ್ದು. ಅಕ್ಕೋರು ಕರೆದು ಉಣಿಸಿದರು, ತಾವೂ ಕೂತು ಉಂಡರು ಎಂದು ಅವನ ತಾಯಿ ಹೇಳಿದಳು. ಮಾತು ಬಾವಿಕಟ್ಟೆ ದಾಟಿ ಬಸ್‌ಸ್ಟಾಪಿಗೆ ಹೋಯಿತು. ಜಗಲಿಗೆ ಮಕ್ಕಳು ಬರುವುದು ಕಡಿಮೆಯಾಯಿತು. ಯಾರೂ ಜಗಳ ಮಾಡಲಿಲ್ಲ. ಒಬ್ಬರಿಗೆ ಹೊಟ್ಟೆನೋವು, ಮತ್ತೊಬ್ಬರಿಗೆ ಡ್ಯಾನ್ಸ್ ಕ್ಲಾಸು. ತಿಂಗಳು ಕಳೆಯುವಷ್ಟರಲ್ಲಿ ಉಳಿದದ್ದು ನನ್ನ ಮಗಳು ಮತ್ತು ಆ ದೋಣಿಯವರ ಮನೆಯ ಹುಡುಗ. ಅಕ್ಕೋರು ಅವರಿಬ್ಬರಿಗೇ, ಮೊದಲು ಇಡೀ ಜಗಲಿಗೆ ಕಲಿಸುತ್ತಿದ್ದಷ್ಟೇ ದೊಡ್ಡ ದನಿಯಲ್ಲಿ ಕಲಿಸಿದರು. ಅದನ್ನು ಗೋಡೆಯಾಚೆ ಕೂತು ಕೇಳುವುದು ನನಗೆ ಕಷ್ಟವಾಗುತ್ತಿತ್ತು.

ಬ್ಯಾಂಕಿನ ಆ ತಾಯಿಯ ಹತ್ತಿರ ನಾನೇ ಹೋಗಿ ಜಗಳವಾಡಿದೆ. ಅವಳು ತಣ್ಣಗೆ, "ನಂಗೆ ಗೊತ್ತುಂಟು, ಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದ್ರೂ ಎಲ್ರೂ ಬಿಡ್ಸಿದ್ರಲ್ಲ" ಎಂದಳು. ಆ ‘ಆದ್ರೂ’ ಎಂಬುದನ್ನು ಹಿಡಿದು ಅಲುಗಾಡಿಸುವ ಶಕ್ತಿ ನನ್ನ ಯಾವ ಓದಿಗೂ ಇರಲಿಲ್ಲ.

ಆದರೆ ನನ್ನ ಕೈಯಲ್ಲಿ ಒಂದು ಸತ್ಯವಿತ್ತು. ಅದನ್ನು ಹೇಳಿದರೆ ಜಗಲಿ ಮತ್ತೆ ತುಂಬುತ್ತದೆಂದು ನನಗೆ ಖಾತ್ರಿಯಿತ್ತು. ಅಕ್ಕೋರ ಹತ್ತಿರ ಹೋಗಿ, ನೀವು ಅವತ್ತು ನೀರನ್ನೂ ಮುಟ್ಟಲಿಲ್ಲವೆಂದು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಶಾಸ್ತ್ರ ಬಿಟ್ಟವರು ಎಂಬ ಆರೋಪವೇ ಸುಳ್ಳಲ್ಲವೇ?

ಈ ಸಲ ಮೂಗಿನ ಮೇಲೆ ಬೆವರು ಬರಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

"ಹೇಳ್ಬೇಡ."

"ಎಂತಕ್ಕೆ ಅಕ್ಕೋರೆ? ಮಕ್ಕಳು ವಾಪಸ್ ಬತ್ರು."

"ನಾ ಉಪವಾಸ ಇದ್ದೆ ಹೇಳಿ ಸಾರಿದ್ರೆ, ಉಂಡದ್ದು ತಪ್ಪು ಹೇಳಿ ನಾನೇ ಒಪ್ಪಿದಂಗಾತು. ನಾ ಪಾರಾಗ್ತೆ. ಉಂಡ ಮಕ್ಕಳ ಬದಿಗೆ ಯಾರು ನಿಲ್ಲೂದು? ನಿನ್ನ ಮಗಳು ಹುಟ್ಟಿದ ಹಬ್ಬಕ್ಕೆ ಪಾಪ ಮಾಡಿದ್ಲು ಹೇಳಿ ಆಗ್ಬೇಕಾ?"

ಅವರು ಇದೇ ಶಬ್ದಗಳಲ್ಲಿ ಹೇಳಿದರೇ? ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾತಾಡುವುದಿಲ್ಲವೆಂದು ನನಗೂ ಅನುಮಾನ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡು ನಾನೇ ಅದನ್ನು ನಯ ಮಾಡಿರಬೇಕು. ಆದರೆ "ಹೇಳ್ಬೇಡ" ಎಂದದ್ದರಲ್ಲಿ ಅನುಮಾನವಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಕೆಲವರು ಗಣಿತಕ್ಕೆಂದು ಮೆಲ್ಲಗೆ ಮರಳಿದರು. ನಾನಾಗಿದ್ದರೆ ಬಾಗಿಲು ಹಾಕುತ್ತಿದ್ದೆ. ಅವರು ಚಾಪೆ ಬಿಡಿಸಿದರು. ಪರೀಕ್ಷೆ ಮುಗಿದ ಮೇಲೆ ಚಾಪೆ ಮತ್ತೆ ಮಡಚಿಕೊಂಡಿತು. ಮರುವರ್ಷದ ಮಳೆಗಾಲದಲ್ಲಿ ಎದೆನೋವೆಂದು ಅವರನ್ನು ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮರಳಿ ಬರಲಿಲ್ಲ.

ಶಾಲೆಯಲ್ಲಿ ಸಂತಾಪದ ಸಭೆ ಮಾಡಿದರು. ಮಕ್ಕಳನ್ನು ಬಿಡಿಸಿಕೊಂಡವರೇ ಎದ್ದು ನಿಂತು, ಅಂಥ ಅಕ್ಕೋರು ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಅಳು ಸುಳ್ಳಾಗಿರಲಿಲ್ಲ, ನನಗೆ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಇಷ್ಟು ಪ್ರೀತಿ ಇದ್ದವರು ಆ ಚಾಪೆಯ ಮೇಲೆ ತಮ್ಮ ಮಕ್ಕಳನ್ನು ಕೂರಿಸಬಹುದಿತ್ತು.

ಸಭೆ ಮುಗಿದು ಚಹಾ ಕುಡಿಯುವಾಗ ಜ್ವರ ಬಂದಿದ್ದ ಹುಡುಗನ ತಾಯಿ ನನ್ನ ಪಕ್ಕ ಬಂದು ನಿಂತಳು. ದನಿ ತಗ್ಗಿಸಿ, "ದೇವ್ರಂಥೋರು. ಆ ಗ್ರಹಣದ ದಿನ ಒಂದು ಹಂಗ್ ಮಾಡ್ದಿದ್ರೆ... ನೀವು ಅಲ್ಲೇ ಇದ್ರಲ್ಲ, ಅವ್ರೂ ಉಂಡಿದ್ರು ಹೌದಾ?" ಎಂದಳು.

ಸುತ್ತ ನಿಂತಿದ್ದ ನಾಲ್ಕೈದು ಜನ ನನ್ನ ಕಡೆ ತಿರುಗಿದರು. ಇಲ್ಲ ಎನ್ನುವ ಒಂದು ಶಬ್ದ ಸಾಕಿತ್ತು. ಅವರ ಹೆಸರು ಅಲ್ಲೇ ತೊಳೆದುಹೋಗುತ್ತಿತ್ತು. ಮಗಳು ನನ್ನ ಸೀರೆಯ ಸೆರಗು ಹಿಡಿದು, ನಾನೇನು ಹೇಳುತ್ತೇನೆಂದು ನೋಡುತ್ತಿದ್ದಳು.

"ನಾನು ಉಂಡಿದ್ದೆ. ನನ್ನ ಮಗಳು ಎರಡು ತುಂಡು ತಿಂದಿದ್ಲು. ನಿಮ್ಮ ಮಗನೂ ಕೇಳಿ ಕೇಳಿ ಹಾಕಿಸ್ಕಂಡಿದ್ದ. ತಪ್ಪೆಂತ ಅದ್ರಲ್ಲಿ?" ಎಂದೆ.